‘ಪುರಾತನ ಕಾಲದಿಂದಲೂ’: ಶಿಲೀಂಧ್ರನಾಶಕ ಸಸ್ಯಗಳನ್ನು ಕುರಿತ ಪ್ರಬಂಧಗಳ ಪೀಠಿಕೆಯ ವಿಮರ್ಶೆ

ಸಸ್ಯಜನ್ಯ ದ್ರವ್ಯಗಳಿಗೆ ಶಿಲೀಂಧ್ರಗಳನ್ನು ಅಡಗಿಸುವ ಶಕ್ತಿಯುಂಟೆ ಎಂಬ ವಿಷಯವನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ನಮ್ಮ ದೇಶದ ವಿಶ್ವವಿದ್ಯಾಲಯಗಳಿಂದ ಹೇರಳವಾಗಿ ಪ್ರಬಂಧಗಳು ಹೊರಬಂದಿವೆ. ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಈ ಮೂರು ವಿಭಾಗಗಳ ವಿದ್ಯಾರ್ಥಿಗಳಿಗೂ ಇದು ಪ್ರಿಯವಾದ ವಿಷಯವಾಗಿದೆ. ಯಾವುದಾದರೊಂದು ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, ಮೆಥನಾಲಿನಲ್ಲಿ ನೆನೆಯಿಟ್ಟು ಸಾರ ತೆಗೆದು, ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಯೀಸ್ಟನ್ನು ಬೆಳೆಸಿದ ಅಗಾರ್ ತಟ್ಟೆಯ ಮೇಲಿರಿಸಿ, ಸುತ್ತಲೂ ಬೆಳವಣಿಗೆ ನಿಂತ ವಲಯದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಅಳೆಯುವುದು ಇವುಗಳ ಸಾಮಾನ್ಯ ಕ್ರಮ. ಆ ಅಳತೆಯ ಗುಣದೋಷಗಳನ್ನು ನಿರ್ಣಯಿಸುವುದು ಆಯಾ ಶಾಸ್ತ್ರಗಳನ್ನು ಬಲ್ಲವರ ಕೆಲಸ. ಇತಿಹಾಸವನ್ನು ಬೋಧಿಸುವ ನಾವು ಅಲ್ಲಿ ಕೈಯಿಡುವುದು ಸಾಧುವಲ್ಲ. ಆದರೆ ಈ ಪ್ರಬಂಧಗಳ ಮೊದಲ ಪುಟದಲ್ಲಿ ತಪ್ಪದೆ ಬರುವ ಒಂದು ವಾಕ್ಯವುಂಟು: ‘ಈ ಸಸ್ಯವು ಭಾರತದಲ್ಲಿ ಪುರಾತನ ಕಾಲದಿಂದಲೂ ಶಿಲೀಂಧ್ರ ರೋಗಗಳಿಗೆ ಔಷಧವಾಗಿ ಬಳಕೆಯಲ್ಲಿದೆ.’ ಈ ವಾಕ್ಯವು ರಸಾಯನಶಾಸ್ತ್ರದ್ದೂ ಅಲ್ಲ, ಸಸ್ಯಶಾಸ್ತ್ರದ್ದೂ ಅಲ್ಲ, ಶುದ್ಧ ಇತಿಹಾಸದ್ದು. ಆದುದರಿಂದ ಇದರ ಪ್ರಾಮಾಣ್ಯವನ್ನು ವಿಚಾರಿಸುವ ಅಧಿಕಾರ ನಮಗುಂಟೆಂದು ಭಾವಿಸುತ್ತೇವೆ.

ಶಾಸನಗಳನ್ನು ಓದಿದವರಿಗೆ ಕೂಟಶಾಸನವೆಂಬ ಮಾತು ಹೊಸದಲ್ಲ. ನಮ್ಮ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದ ಫ್ಲೀಟರು ಅಂತಹ ಹುಸಿ ಶಾಸನಗಳ ಪಟ್ಟಿಯನ್ನೇ ಮಾಡಿ ಪ್ರಕಟಿಸಿದರು. ತಾಮ್ರದ ಮೇಲೆ ಕೊರೆದಿದೆಯೆಂಬ ಒಂದೇ ಕಾರಣಕ್ಕೆ ಯಾವ ದಾನವನ್ನೂ ನಾವು ನಂಬುವುದಿಲ್ಲ. ಲಿಪಿ ಆ ಕಾಲದ್ದೆ, ತಿಥಿವಾರಗಳು ಹೊಂದುತ್ತವೆಯೆ, ಹೇಳಿದ ಊರು ಅಂದು ಇದ್ದಿತೆ ಎಂದು ಕೇಳುತ್ತೇವೆ. ತಟ್ಟೆಯ ಮೇಲಿನ ವಲಯವನ್ನು ಮೂರು ಮೂರು ಸಲ ಅಳೆಯುವ ಸಂಶೋಧಕರು ಎರಡು ಸಾವಿರ ವರ್ಷಗಳನ್ನು ಒಂದೇ ಉಸಿರಿನಲ್ಲಿ ದಾಟಿಬಿಡುವುದು ನಮಗೆ ಸೋಜಿಗವಾಗಿ ತೋರುತ್ತದೆ.

ಮೊದಲು ಸೀಮೆ ಅಗಸೆಯನ್ನು ತೆಗೆದುಕೊಳ್ಳೋಣ. ಹಳದಿ ಹೂಗೊಂಚಲನ್ನು ದೀಪದ ಕಂಬದಂತೆ ಮೇಲೆತ್ತುವ ಈ ಗಿಡವನ್ನು ಶಾಸ್ತ್ರಜ್ಞರು ಸೆನ್ನಾ ಅಲಾಟಾ ಎನ್ನುತ್ತಾರೆ. ಹಿಂದೆ ಕ್ಯಾಸಿಯಾ ಅಲಾಟಾ ಎಂಬ ಹೆಸರಿದ್ದಿತು. ಇದರ ಎಲೆಯನ್ನು ಅರೆದು ಹುಳುಕಡ್ಡಿಗೆ, ಎಂದರೆ ನಮ್ಮ ಭಾಗದವರು ಗಜಕರ್ಣವೆನ್ನುವ ಚರ್ಮರೋಗಕ್ಕೆ, ಹಚ್ಚುವ ವಾಡಿಕೆ ಏಷ್ಯದ ಉಷ್ಣದೇಶಗಳಲ್ಲೆಲ್ಲ ಇದೆ. ಎಲೆಯಲ್ಲಿ ಶಿಲೀಂಧ್ರವನ್ನು ತಡೆಯುವ ಗುಣವಿದೆಯೆಂಬುದನ್ನೂ ಪ್ರಯೋಗಗಳು ತೋರಿಸಿವೆ. ಇಷ್ಟರ ಮಟ್ಟಿಗೆ ತಕರಾರಿಲ್ಲ. ಆದರೆ ಈ ಗಿಡದ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಕ್ರಿ.ಶ. 1492ಕ್ಕಿಂತ ಮೊದಲು ಬರೆದ ಭಾರತದ ಯಾವ ವೈದ್ಯಗ್ರಂಥದಲ್ಲಿಯೂ ಇದು ಇರಲಾರದು. ಇದನ್ನು ತಿಳಿಯಲು ಗ್ರಂಥಭಂಡಾರಕ್ಕೆ ಹೋಗಬೇಕಾಗಿಯೂ ಇಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಗಳಂತೆ ಇದೂ ಹೊರಗಿನಿಂದ ಬಂದುದೆಂದು ಕನ್ನಡ ಜನ ಹೆಸರಿನಲ್ಲಿಯೇ ಗುರುತು ಹಾಕಿಟ್ಟಿದ್ದಾರೆ. ಪ್ರಬಂಧಕಾರರು ಲ್ಯಾಟಿನ್ ಹೆಸರನ್ನು ನೋಡಿದರು, ಇಂಗ್ಲಿಷ್ ಕೋಶವನ್ನು ನೋಡಿದರು. ಮನೆಯ ಹಿತ್ತಿಲಲ್ಲಿ ಆಡುವ ಹೆಸರನ್ನು ಮಾತ್ರ ಕೇಳಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿಯೂ ಅಮೆರಿಕದಿಂದಲೇ ಬಂದುದು. ಅದರಿಂದ ಅದರ ಬಣ್ಣವೇನೂ ಕುಂದಲಿಲ್ಲ. ಸೀಮೆ ಅಗಸೆಯೂ ಹಾಗೆಯೇ. ನಾಲ್ಕೈದು ಶತಮಾನಗಳೊಳಗೆ ಹೊಸ ಗಿಡವೊಂದನ್ನು ಪರೀಕ್ಷಿಸಿ ಔಷಧವಾಗಿ ಮಾಡಿಕೊಂಡ ಜನರ ಜಾಣ್ಮೆಯನ್ನು ‘ಪುರಾತನ’ವೆಂಬ ಪದ ಮುಚ್ಚಿಹಾಕುತ್ತದೆ ಎಂಬುದೇ ನಮ್ಮ ಆಕ್ಷೇಪಣೆ.

ಹೆಸರಿನ ತೊಡಕು ಇಲ್ಲಿಗೇ ನಿಲ್ಲುವುದಿಲ್ಲ. ಮೈಸೂರಿನ ಕಡೆ ಅಗಸೆಯೆಂದರೆ ಬಿಳಿಯ ದೊಡ್ಡ ಹೂ ಬಿಡುವ ಮರ. ಧಾರವಾಡದಲ್ಲಿ ಅಗಸಿಯೆಂದರೆ ಚಟ್ನಿಪುಡಿ ಮಾಡುವ, ಎಣ್ಣೆ ತೆಗೆಯುವ ಕಾಳು, ಸಂಸ್ಕೃತದ ಅತಸೀ. (ಊರಬಾಗಿಲಿಗೂ ಇಲ್ಲಿ ಅಗಸಿಯೆಂದೇ ಹೆಸರು, ಅದೃಷ್ಟವಶಾತ್ ಅದನ್ನಿನ್ನೂ ಯಾರೂ ಮೆಥನಾಲಿನಲ್ಲಿ ನೆನೆಯಿಟ್ಟಿಲ್ಲ.) ಮೂರು ಬೇರೆ ಬೇರೆ ಗಿಡಗಳು ಒಂದೇ ಹೆಸರಿನ ನೆರಳಿನಲ್ಲಿರುವಾಗ, ಹಳೆಯ ಓಲೆಯೊಂದರಲ್ಲಿ ‘ಅಗಸೆ’ಯೆಂದು ಕಂಡೊಡನೆ ತಮಗೆ ಬೇಕಾದ ಗಿಡವೇ ಅದೆಂದು ನಿರ್ಧರಿಸುವುದು ಅವಸರದ ಮಾತು.

ನಮ್ಮ ಊರುಗಳಿಗೆ ಹತ್ತಿರವಾದ ಇನ್ನೊಂದು ನಿದರ್ಶನ ಗೋವಾ ಪುಡಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಔಷಧದಂಗಡಿಗಳಲ್ಲಿ ಈ ಹೆಸರಿನ ಹಳದಿ ಪುಡಿ ಹುಳುಕಡ್ಡಿಯ ಮದ್ದೆಂದು ಮಾರಾಟವಾಗುತ್ತಿದ್ದಿತು. ಹೆಸರನ್ನು ನಂಬಿದವರು ಗೋವೆಯ ಕಾಡುಗಳಲ್ಲಿ ಅದರ ಮರವನ್ನು ಹುಡುಕಬೇಕಾಗಿತ್ತು. ಸತ್ಯಸಂಗತಿಯೆಂದರೆ ಅದು ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತದ ಅರರೋಬಾ ಎಂಬ ಮರದ ತಿರುಳಿನೊಳಗಣ ಪುಡಿ. ಪೋರ್ಚುಗೀಸರ ಸಂಪರ್ಕದಿಂದ ಗೋವೆಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುವಷ್ಟರಲ್ಲಿ ಗೋವೆಯದೇ ಆಗಿಹೋಗಿದ್ದಿತು. 1875ರಲ್ಲಿ ಆಟ್‌ಫೀಲ್ಡರು ಇದನ್ನು ವಿಶ್ಲೇಷಿಸಿ ಕ್ರೈಸೋಫಾನಿಕ್ ಆಮ್ಲವಿದೆಯೆಂದರು. 1878ರಲ್ಲಿ ಲೀಬರ್ಮನ್ನರು ಅದರಲ್ಲಿ ಮುಖ್ಯವಾದುದು ಆ ಆಮ್ಲಕ್ಕೆ ಸಮೀಪವಾದ ಕ್ರೈಸರೋಬಿನ್ ಎಂದು ತಿದ್ದಿದರು. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನಿಯಲ್ಲಿ ಅದಕ್ಕೆ ಬದಲಾಗಿ ಕೃತಕವಾಗಿ ತಯಾರಿಸಿದ ಡಿತ್ರನಾಲ್ ಬಳಕೆಗೆ ಬಂದಿತು. ಸೋರಿಯಾಸಿಸ್ ರೋಗಕ್ಕೆ ವೈದ್ಯರು ಅದನ್ನು ಬಳಸುತ್ತ ಬಂದಿದ್ದಾರೆ. ಬಾಹಿಯಾ, ಗೋವೆ, ಮುಂಬಯಿ, ಲಂಡನ್, ಜರ್ಮನಿ ಎಂಬ ಈ ದಾರಿಯನ್ನು ಹಿಡಿದು ನಡೆದರೆ ಔಷಧದ ಇತಿಹಾಸವೆಂದರೇನೆಂಬುದು ತಿಳಿಯುತ್ತದೆ. ‘ಪುರಾತನ ಭಾರತ’ವೆಂಬ ಮುದ್ರೆ ಒತ್ತಿದ್ದರೆ ದಾರಿಯೇ ಅಳಿಸಿಹೋಗುತ್ತಿದ್ದಿತು.

ಹಾಗಾದರೆ ಆ ವಾಕ್ಯ ಎಲ್ಲೆಡೆಯೂ ಹುಸಿಯೆ? ಖಂಡಿತ ಅಲ್ಲ. ಮಳೆಗಾಲದಲ್ಲಿ ಧಾರವಾಡದ ರಸ್ತೆಗಳ ಅಂಚಿನಲ್ಲಿ ಯಾರೂ ಬಿತ್ತದೆ ಬೆಳೆಯುವ ತಗಚೆಯ ಸಾಕ್ಷ್ಯವೇ ಬೇರೆ. ಕರಾವಳಿಯಲ್ಲಿ ಇದರ ಎಳೆಯ ಕುಡಿಯನ್ನು ತಜಂಕೆಂದು ಪಲ್ಯಕ್ಕೆ ಬಳಸುವರು. ಸಂಸ್ಕೃತದಲ್ಲಿ ಇದಕ್ಕೆ ಚಕ್ರಮರ್ದ, ದದ್ರುಘ್ನ, ಏಡಗಜ ಎಂಬ ಹೆಸರುಗಳಿವೆ. ದದ್ರುಘ್ನವೆಂದರೆ ದದ್ರುವನ್ನು ಕೊಲ್ಲುವುದು. ಚರಕಸಂಹಿತೆಯ ಸೂತ್ರಸ್ಥಾನದ ಮೂರನೆಯ ಅಧ್ಯಾಯ ಆರಗ್ವಧೀಯವೆಂಬುದು. ಚರ್ಮರೋಗಗಳಿಗೆ ಹಚ್ಚುವ 32 ಯೋಗಗಳನ್ನು ಅಲ್ಲಿ ಹೇಳಿದೆ. ಆರಂಭದಲ್ಲಿಯೇ ಕಕ್ಕೆ, ಹೊಂಗೆಗಳೊಡನೆ ಏಡಗಜದ ಹೆಸರು ಬರುತ್ತದೆ. ಫಲಶ್ರುತಿಯಲ್ಲಿ ದದ್ರುವೂ ಇದೆ. ಇಲ್ಲಿ ಗಿಡ, ರೋಗ, ಗ್ರಂಥ ಮೂರೂ ಒಂದೆಡೆ ಕೂಡಿವೆ. ಇನ್ನು ಪ್ರಯೋಗಶಾಲೆಯ ಸಾಕ್ಷ್ಯ: 1975ರಲ್ಲಿ ಆಚಾರ್ಯ ಮತ್ತು ಚಟರ್ಜಿ ಎಂಬ ಸಂಶೋಧಕರು ತಗಚೆಯ ಬೀಜದಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ದ್ರವ್ಯವನ್ನು ಬೇರ್ಪಡಿಸಿ, ಅದು ಕ್ರೈಸೋಫಾನಿಕ್ ಆಮ್ಲದ ಆಂಥ್ರೋನ್ ರೂಪವೆಂದು ತೋರಿಸಿದರು. ಗೋವಾ ಪುಡಿಯಲ್ಲಿದ್ದುದೂ ಇದೇ ಕುಲದ ವಸ್ತು. ಅಟ್ಲಾಂಟಿಕ್ ಸಾಗರದ ಆಚೆಯ ಮರ, ನಮ್ಮ ರಸ್ತೆಯ ಬದಿಯ ಕಳೆ, ಎರಡೂ ಒಂದೇ ರೋಗಕ್ಕೆ ಹೆಸರಾಗಿ, ಎರಡರಲ್ಲಿಯೂ ಒಂದೇ ಬಗೆಯ ದ್ರವ್ಯ ದೊರೆತುದು ನಮ್ಮ ಮಟ್ಟಿಗೆ ಅಚ್ಚರಿಯ ಸಂಗತಿ.

ಈ ಸಂಶೋಧನೆಯಲ್ಲಿ ಗಮನಿಸಬೇಕಾದ ಒಂದು ವಿವರವುಂಟು. ಆಂಥ್ರೋನ್ ಗಾಳಿಯಲ್ಲಿ ಕೆಡುವ ವಸ್ತುವಾದುದರಿಂದ, ಅದನ್ನು ಕಾಯಲು ಪ್ರಯೋಗದ ದ್ರವದಲ್ಲಿ ಆಸ್ಕಾರ್ಬಿಕ್ ಆಮ್ಲವನ್ನು, ಎಂದರೆ ಸಿ ಜೀವಸತ್ವವನ್ನು, ಬೆರೆಸಿದ್ದರು. ತಗಚೆಯ ಬೀಜವನ್ನು ನಿಂಬೆಯ ರಸದಲ್ಲಿಯೋ ಹುಳಿ ಮಜ್ಜಿಗೆಯಲ್ಲಿಯೋ ಅರೆದು ಹಚ್ಚುವುದು ನಮ್ಮ ನಾಡಿನ ರೂಢಿ. ಈ ಹುಳಿಗೂ ಆ ಆಮ್ಲಕ್ಕೂ ಸಂಬಂಧವಿದೆಯೆಂದು ನಾವು ಸಾಧಿಸಹೊರಟಿಲ್ಲ. ಮಜ್ಜಿಗೆಯ ಹುಳಿ ಬೇರೆ, ನಿಂಬೆಯ ಹುಳಿ ಬೇರೆ. ಪ್ರಶ್ನೆಯನ್ನಾದರೂ ಕೇಳಬಹುದಾಗಿದ್ದಿತು. ಹಳೆಯ ವಿಧಿಯನ್ನು ಅಕ್ಷರಶಃ ಓದಿದವರಿಗೆ ಮಾತ್ರ ಆ ಪ್ರಶ್ನೆ ಹೊಳೆಯುತ್ತದೆ. ‘ಪುರಾತನ ಕಾಲದಿಂದಲೂ’ ಎಂದು ಮುಗಿಸಿದವರಿಗೆ ಹೊಳೆಯುವುದಿಲ್ಲ.

ಇನ್ನು ರೋಗದ ಹೆಸರು. ಪ್ರಬಂಧಗಳಲ್ಲಿ ಅತ್ಯಂತ ದೊಡ್ಡ ಜಾರು ಇಲ್ಲಿಯೇ ಇದೆ. ಗ್ರಂಥಾಧಾರವನ್ನು ದದ್ರುವಿನಿಂದ ತೆಗೆದುಕೊಂಡು ಪ್ರಯೋಗವನ್ನು ಕ್ಯಾಂಡಿಡಾ ಯೀಸ್ಟಿನ ಮೇಲೆ ಮಾಡುತ್ತಾರೆ. ದದ್ರು ಹುಳುಕಡ್ಡಿಯೆಂದೇ ಒಪ್ಪಿದರೂ, ಹುಳುಕಡ್ಡಿಯನ್ನುಂಟುಮಾಡುವವು ಚರ್ಮ, ಕೂದಲು, ಉಗುರುಗಳನ್ನು ತಿಂದು ಬದುಕುವ ಎಳೆರೂಪದ ಶಿಲೀಂಧ್ರಗಳು. ಯೀಸ್ಟುಗಳ ಬಾಳ್ವೆಯೇ ಬೇರೆ. ಒಂದಕ್ಕೆ ಕೊಟ್ಟ ಸಾಕ್ಷ್ಯವನ್ನು ಇನ್ನೊಂದರ ಮೊಕದ್ದಮೆಯಲ್ಲಿ ಹಾಜರುಪಡಿಸಿದಂತಾಯಿತು. ಅಲ್ಲದೆ ದದ್ರುವಿನ ವಿಷಯದಲ್ಲಿ ಗ್ರಂಥಗಳಿಗೇ ಏಕಾಭಿಪ್ರಾಯವಿಲ್ಲ. ಚರಕನಲ್ಲಿ ಅದು ಕ್ಷುದ್ರಕುಷ್ಠಗಳಲ್ಲೊಂದು. ತುರಿಸುವ, ಕೆಂಪಾದ, ಗುಳ್ಳೆಗಳಿಂದ ಕೂಡಿ ಎದ್ದುನಿಂತ ಮಂಡಲ. ಸುಶ್ರುತನು ಅದನ್ನು ಮಹಾಕುಷ್ಠಗಳಲ್ಲಿ ಎಣಿಸಿ, ಅತಸೀ ಹೂವಿನ ಬಣ್ಣದ ಇಲ್ಲವೆ ತಾಮ್ರವರ್ಣದ, ಹರಡುವ ರೋಗವೆನ್ನುತ್ತಾನೆ. ನಮ್ಮ ಎರೆಹೊಲದಲ್ಲಿ ಅಗಸಿಯ ನೀಲಿ ಹೂವನ್ನು ಕಂಡವರು ಚರಕನ ಕೆಂಪು ಮಂಡಲವನ್ನೂ ಅದನ್ನೂ ಒಂದೇ ಎನ್ನಲು ಕೊಂಚ ಹಿಂಜರಿಯುವರು.

ಯೀಸ್ಟನ್ನೇ ಹುಡುಕುವವರಿಗೆ ಅದೇ ಗ್ರಂಥದಲ್ಲಿ ಇನ್ನೂ ಸಮೀಪದ ಸಾಕ್ಷಿಯೊಂದು ಕಾದಿದೆ. ಅದನ್ನು ಕರೆದವರೇ ವಿರಳ. ಸಿಧ್ಮವೆಂಬ ರೋಗವನ್ನು ಚರಕನು ವರ್ಣಿಸುವ ರೀತಿಯನ್ನು ನೋಡಬೇಕು. ಬೆಳ್ಳಗೆ ಅಥವಾ ತಾಮ್ರದ ಬಣ್ಣಕ್ಕೆ ಇರುವುದು, ತೆಳುವಾದುದು, ಸೋರೆಯ ಹೂವಿನಂತೆ ಕಾಣುವುದು, ಹೆಚ್ಚಾಗಿ ಎದೆಯ ಮೇಲೆ ತೋರುವುದು, ಉಜ್ಜಿದರೆ ಧೂಳನ್ನು ಉದುರಿಸುವುದು. ನಮ್ಮ ಜನ ಚಿಬ್ಬು ಎನ್ನುವ ಕಲೆಗಳ ಲಕ್ಷಣ ಇದೇ ಅಲ್ಲವೆ? ಇಂದಿನ ಚರ್ಮವೈದ್ಯರೂ ಈ ಕಲೆಯನ್ನು ಉಗುರಿನಿಂದ ಕೆರೆದು ಪುಡಿ ಉದುರುವುದನ್ನು ನೋಡಿಯೇ ಗುರುತಿಸುತ್ತಾರೆ. ಇದರಲ್ಲಿ ಶಿಲೀಂಧ್ರವಿದೆಯೆಂಬುದನ್ನು 1846ರಲ್ಲಿ ಐಕ್‌ಸ್ಟೆಟ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಕಂಡರು. ಆ ಶಿಲೀಂಧ್ರಕ್ಕೆ 1889ರಲ್ಲಿ ಮಲಾಸೀಜಿಯಾ ಎಂಬ ಹೆಸರು ಬಂದಿತು. ಅದು ಒಂದು ಯೀಸ್ಟು. ಹಳೆಯ ವೈದ್ಯನಿಗೆ ಯೀಸ್ಟಿನ ಕಲ್ಪನೆಯಿರಲಿಲ್ಲ ನಿಜ; ಕಣ್ಣಿಗೆ ಕಂಡುದನ್ನೂ ಬೆರಳಿಗೆ ಹತ್ತಿದುದನ್ನೂ ಅವನು ಬಿಡದೆ ದಾಖಲೆಮಾಡಿದ್ದಾನೆ. ಎರಡು ಸಾವಿರ ವರ್ಷಗಳಾಚೆಯ ರೋಗವನ್ನು ಇಂದಿನ ಹೆಸರಿನಿಂದ ಕರೆಯುವುದು ಯಾವಾಗಲೂ ಅಪಾಯದ ಕೆಲಸ. ಚರಕ ಸುಶ್ರುತರು ಸಿಧ್ಮದ ದರ್ಜೆಯ ವಿಷಯದಲ್ಲಿಯೂ ಭಿನ್ನರಾಗಿದ್ದಾರೆ. ಆದರೂ ದದ್ರುವಿಗಿಂತ ಇದರ ನೆಲೆ ಗಟ್ಟಿ. ಪೀಠಿಕೆಯ ವಾಕ್ಯವು ಹೆಮ್ಮೆಯಿಂದ ಸಾರುವೆಡೆ ಆಧಾರವಿಲ್ಲ. ಆಧಾರವಿದ್ದೆಡೆ ಅದು ಮೌನವಾಗಿದೆ.

ಕ್ಯಾಂಡಿಡಾದ ವಿಷಯವನ್ನು ಬೇಗನೆ ಮುಗಿಸಬಹುದು. ಹಸುಗೂಸುಗಳ ಬಾಯಲ್ಲಿ ಬಿಳಿಯ ಪೊರೆ ಕಟ್ಟುವ ರೋಗದಲ್ಲಿ ಶಿಲೀಂಧ್ರವಿರುವುದು ಯುರೋಪಿನಲ್ಲಿ ಗೊತ್ತಾದುದು 1839ರಿಂದ ಈಚೆಗೆ. ಹೆಂಡದ ಹುಳಿಯು ಜೀವವುಳ್ಳದ್ದೆಂದು ತಿಳಿದುದೂ ಅದೇ ದಶಕದಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಸುರೆಯನ್ನು ಹುದುಗಿಸುವ ಕಿಣ್ವದ ಮಾತಿದೆ. ಅದು ಭಟ್ಟಿಯ ವಸ್ತುವೇ ಹೊರತು ರೋಗದ ಕಾರಣವಲ್ಲ. ಇಂದಿನ ಕನ್ನಡದಲ್ಲಿ ಕಿಣ್ವವೆಂಬ ಪದ ಯೀಸ್ಟನ್ನು ಬಿಟ್ಟು, ಜೀವಕೋಶಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ನಡೆಯಿಸುವ ದ್ರವ್ಯಕ್ಕೆ ಸಲ್ಲುತ್ತಿದೆ. ಹಳೆಯ ಗ್ರಂಥವನ್ನು ಹೊಸ ನಿಘಂಟು ಹಿಡಿದು ಓದುವವರು ಇಲ್ಲಿಯೂ ಎಚ್ಚರವಾಗಿರಬೇಕು.

ಗಿಡ ಮತ್ತು ರೋಗಗಳ ಅನಂತರ ಮೂರನೆಯದು ತಯಾರಿಕೆಯ ಕ್ರಮ. ಆರಗ್ವಧೀಯ ಅಧ್ಯಾಯದ ಒಂದು ಯೋಗದಲ್ಲಿ ಅರಿಸಿನ, ತುಳಸಿ, ಬೇವು ಮೂರೂ ಕೂಡಿಬರುತ್ತವೆ. ಪ್ರಯೋಗಶಾಲೆಗಳಿಗೆ ಇವುಗಳಿಗಿಂತ ಪ್ರಿಯವಾದ ಗಿಡಗಳಿಲ್ಲ. ಆದರೆ ಗ್ರಂಥ ಹೇಳುವುದೇನು? ಇತರ ಹಲವು ದ್ರವ್ಯಗಳೊಡನೆ ಇವನ್ನು ಮಜ್ಜಿಗೆಯಲ್ಲಿ ಅರೆದು, ಮೊದಲು ಮೈಗೆ ಎಣ್ಣೆ ಹಚ್ಚಿ, ಅದರ ಮೇಲೆ ತಿಕ್ಕಬೇಕು. ಪ್ರಬಂಧದಲ್ಲಿ ಮಾಡಿರುವುದು ಒಂದೇ ಗಿಡದ ಮೆಥನಾಲ್ ಸಾರ. ಅದು ಕೆಲಸಮಾಡಿದರೆ ಗ್ರಂಥಕ್ಕೆ ಕೀರ್ತಿಯಿಲ್ಲ; ಮಾಡದಿದ್ದರೆ ಗ್ರಂಥಕ್ಕೆ ದೋಷವೂ ಇಲ್ಲ. ಕನ್ನಡದ ವೈದ್ಯಗ್ರಂಥಗಳನ್ನು ನೋಡಿದ್ದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತಿದ್ದಿತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಿಸಿದನು. ಜೈನಮತಕ್ಕೆ ಅನುಗುಣವಾಗಿ ಅದರ ಚಿಕಿತ್ಸೆಯಲ್ಲಿ ಮದ್ಯಮಾಂಸಗಳಿಗೆ ಎಡೆಯಿಲ್ಲ. ಮದ್ಯದಲ್ಲಿ ಕರಗುವ ದ್ರವ್ಯ ಬೇರೆ, ನೀರಿನಲ್ಲಿಯೂ ಎಣ್ಣೆಯಲ್ಲಿಯೂ ಇಳಿಯುವ ದ್ರವ್ಯ ಬೇರೆ ಎಂಬುದನ್ನು ರಸಾಯನಶಾಸ್ತ್ರದವರಿಗೆ ನಾವು ಹೇಳಬೇಕಾಗಿಲ್ಲ. ಹಾಗಿರಲು, ಮದ್ಯವನ್ನು ವರ್ಜಿಸಿದ ವೈದ್ಯಪರಂಪರೆಯೊಂದರ ಔಷಧಗಳನ್ನು ಮದ್ಯಸಾರದ ಬಂಧುವಾದ ಮೆಥನಾಲಿನಿಂದ ಪರೀಕ್ಷಿಸಿ ‘ಪರಂಪರೆ ಸಮರ್ಥಿತವಾಯಿತು’ ಎನ್ನುವುದು ಹೇಗೆ?

ಈ ವಿವರಗಳನ್ನು ಕೆದಕುವುದು ವೃಥಾ ಪಾಂಡಿತ್ಯವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ದೇಶದಲ್ಲಿ ಗ್ರಂಥದ ಓದಿಗೆ ಕಾನೂನಿನ ಬಲವುಂಟು. 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಚರಕ ಸುಶ್ರುತ ಸಂಹಿತೆಗಳೇ ಮೊದಲಾದ ಗ್ರಂಥಗಳ ಪಟ್ಟಿಯಿದೆ. ಅಲ್ಲಿ ಹೇಳಿದ ಯೋಗವನ್ನು ಹೇಳಿದಂತೆ ತಯಾರಿಸಿದವರಿಗೆ ಆ ಗ್ರಂಥವೇ ಆಧಾರವಾಗುತ್ತದೆ. ಪ್ರಬಂಧದ ಪೀಠಿಕೆಯಲ್ಲಿ ಹುಟ್ಟಿದ ಸಡಿಲ ವಾಕ್ಯ ಮುಂದೆ ಮುಲಾಮಿನ ಡಬ್ಬಿಯ ಚೀಟಿಯ ಮೇಲೆ ಕುಳಿತುಕೊಳ್ಳುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಆ ಡಬ್ಬಿಯನ್ನು ಕೊಳ್ಳುವವರು ಯಾರು? ಕಳೆದ ದಶಕದಿಂದ ಭಾರತದಲ್ಲಿ ಗಜಕರ್ಣವು ಹಿಂದಿನಂತೆ ಸುಲಭವಾಗಿ ವಾಸಿಯಾಗುತ್ತಿಲ್ಲ. ಅಂಗಡಿಗಳಲ್ಲಿ ಚೀಟಿಯಿಲ್ಲದೆ ದೊರೆಯುತ್ತಿದ್ದ ಸ್ಟೀರಾಯ್ಡ್ ಮುಲಾಮುಗಳು ತುರಿಕೆಯನ್ನು ತಣಿಸಿ ರೋಗವನ್ನು ಬೆಳೆಸಿದವು. 2018ರಲ್ಲಿ ಸರಕಾರ ಅಂತಹವನ್ನು ವೈದ್ಯರ ಚೀಟಿಗೆ ಕಟ್ಟುಮಾಡಬೇಕಾಯಿತು. ಟರ್ಬಿನಾಫಿನ್ ಮದ್ದಿಗೂ ಹಲವೊಮ್ಮೆ ಬಗ್ಗದ ಹೊಸ ಪ್ರಭೇದವೊಂದಕ್ಕೆ 2020ರಲ್ಲಿ ನಮ್ಮ ದೇಶದ ಹೆಸರನ್ನೇ ಸೇರಿಸಿ ಟ್ರೈಕೋಫೈಟಾನ್ ಇಂಡೋಟಿನೀ ಎಂದು ಹೆಸರಿಟ್ಟಿದ್ದಾರೆ. ಯೀಸ್ಟುಗಳಲ್ಲಿ 2009ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿತವಾದ ಕ್ಯಾಂಡಿಡಾ ಆರಿಸ್ ಆಸ್ಪತ್ರೆಗಳ ಪಿಡುಗಾಗಿದೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೂ ಕ್ಯಾಂಡಿಡಾ ಆಲ್ಬಿಕಾನ್ಸಿಗೂ ಅತ್ಯಂತ ಗಂಭೀರ ವರ್ಗದಲ್ಲಿ ಸ್ಥಾನವಿದೆ. ಹೊಸ ಔಷಧಗಳು ನಿಜವಾಗಿಯೂ ಬೇಕಾಗಿವೆ. ಅವು ಗಿಡಗಳಿಂದ ಬರಬಹುದು. ಆದುದರಿಂದಲೇ ಹುಸಿ ದಾರಿಗಳಿಗೆ ವ್ಯಯಮಾಡಲು ವೇಳೆಯಿಲ್ಲ.

ತಟ್ಟೆಯ ಮೇಲೆ ಗೆದ್ದುದು ಮೈಯಲ್ಲಿ ಗೆಲ್ಲುವುದೆಂಬ ಭರವಸೆಯೂ ಇಲ್ಲ. ಬೆಳ್ಳುಳ್ಳಿಯ ಅಲಿಸಿನ್ ಎಂಬ ದ್ರವ್ಯ ಪ್ರಯೋಗಶಾಲೆಯಲ್ಲಿ ಯೀಸ್ಟನ್ನು ತಡೆಯುತ್ತದೆ. ಆದರೆ ಮೆಲ್ಬರ್ನಿನಲ್ಲಿ 63 ಮಂದಿ ಸ್ತ್ರೀಯರಿಗೆ ಬೆಳ್ಳುಳ್ಳಿಯ ಗುಳಿಗೆಯನ್ನೋ ಹುಸಿ ಗುಳಿಗೆಯನ್ನೋ ಕೊಟ್ಟು ನಡೆಯಿಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಯೋನಿಯಲ್ಲಿನ ಕ್ಯಾಂಡಿಡಾ ಗಣನೀಯವಾಗಿ ಕಡಮೆಯಾಗಲಿಲ್ಲ. ಸ್ತ್ರೀಯರು ವೈದ್ಯರೆದುರು ಹೇಳಲೂ ಸಂಕೋಚಪಡುವ ವ್ಯಾಧಿ ಇದು. ಮನೆಮದ್ದಿನ ಮಾತು ಇಂತಹವರ ಕಿವಿಗೇ ಬೇಗ ಬೀಳುತ್ತದೆ. ಇಂತಹ ಪರೀಕ್ಷೆಯನ್ನು ತಮ್ಮ ಪೀಠಿಕೆಯಲ್ಲಿ ಉಲ್ಲೇಖಿಸುವ ಪ್ರಾಮಾಣಿಕತೆಯನ್ನು ನಾವು ಪ್ರಬಂಧಕಾರರಿಂದ ನಿರೀಕ್ಷಿಸುತ್ತೇವೆ.

ಸಿಧ್ಮಕ್ಕೆ ಮೂಲಂಗಿಯ ಬೀಜವನ್ನು ಅರೆದು ಲೇಪಿಸುವ ವಿಧಿ ನಮ್ಮ ವೈದ್ಯಪರಂಪರೆಯಲ್ಲಿ ಸುಪ್ರಸಿದ್ಧವಾದುದು. ಸಾಸಿವೆಯ ಕುಲಕ್ಕೆ ಸೇರಿದ ಈ ಬೀಜವನ್ನು ನೀರಿನೊಡನೆ ಅರೆದಾಗ ಅದರೊಳಗಿನ ಕಿಣ್ವವೊಂದು ಎಚ್ಚತ್ತು ಗಂಧಕವುಳ್ಳ ಖಾರದ ದ್ರವ್ಯವನ್ನು ಬಿಡುಗಡೆಮಾಡುತ್ತದೆ. ಒಣ ಪುಡಿಯನ್ನು ಮೆಥನಾಲಿಗೆ ಹಾಕಿದರೆ ಆ ಕಿಣ್ವ ಕೆಲಸಮಾಡಲಾರದು. ಇನ್ನೊಂದು ಕಡೆ, ಮನುಷ್ಯನ ಚರ್ಮದ ಮೇಲಿನ ಮಲಾಸೀಜಿಯಾ ಕೊಬ್ಬಿಲ್ಲದೆ ಬೆಳೆಯದು. ಸಾಮಾನ್ಯ ಅಗಾರಿನ ತಟ್ಟೆಯಲ್ಲಿ ಅದು ಬರುವುದೇ ಇಲ್ಲ, ಎಣ್ಣೆ ಬೆರೆಸಬೇಕು. ಹಾಗಿದ್ದರೆ ಮೈಗೆ ಮೊದಲು ಎಣ್ಣೆ ಹಚ್ಚಬೇಕೆಂಬ ಚರಕನ ವಿಧಿ ಈ ಯೀಸ್ಟಿಗೆ ಊಟವಿಟ್ಟಂತಾಗುವುದೆ, ಇಲ್ಲವೆ ಅರೆದ ಔಷಧವನ್ನು ಒಳಗಿಳಿಸುವ ವಾಹನವಾಗುವುದೆ? ಗ್ರಂಥವನ್ನು ಹೇಳಿದಂತೆ ಅನುಸರಿಸಿ, ಮಜ್ಜಿಗೆಯಲ್ಲಿ ಅರೆದದ್ದನ್ನೂ ನೀರಿನಲ್ಲಿ ಅರೆದದ್ದನ್ನೂ ಎಣ್ಣೆಯಿರುವ ತಟ್ಟೆಯ ಮೇಲೆ ಅಕ್ಕಪಕ್ಕದಲ್ಲಿಟ್ಟು ನೋಡುವ ಪ್ರಯೋಗಕ್ಕೆ ಹೆಚ್ಚಿನ ಉಪಕರಣಗಳೇನೂ ಬೇಕಾಗುವುದಿಲ್ಲ. ಗ್ರಂಥದ ಪಾಠವನ್ನು ಬಿಡಿಸಿಕೊಡುವ ಭಾರವನ್ನು ನಮ್ಮ ವಿಭಾಗದವರು ಹೊರಲು ಸಿದ್ಧರಿದ್ದೇವೆ.